ಊರ ಬಾಯಿಗೆ ಆರೈಕೆಯವರ ಉತ್ತರ

ಮಗಳಿಗೆ ನರ್ಸಿಂಗ್ ಸೀಟು ಸಿಕ್ಕಿತು ಎಂದ ಕೂಡಲೇ ಮನೆಯಲ್ಲಿ ಮೊದಲು ಕೇಳಿಬರುವುದು ಅಭಿನಂದನೆಯ ಮಾತಲ್ಲ. ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ ಈ ನಾಲ್ಕು ತಾಲ್ಲೂಕುಗಳ ಯಾವ ಹಳ್ಳಿಯ ಜಗಲಿಯ ಮೇಲೆ ಕುಳಿತರೂ ಆ ಮಾತುಗಳು ಹೆಚ್ಚು ಕಡಿಮೆ ಒಂದೇ. ‘ಕಂಡೋರ ಉಚ್ಚೆ ಕಕ್ಕ ಬಳಿಯೋ ಕೆಲ್ಸ ನಮ್ಮ ಹುಡುಗೀಗ್ಯಾಕವ್ವಾ?’ ಎಂದು ದೊಡ್ಡಮ್ಮ ಕೇಳುತ್ತಾಳೆ. ‘ರಾತ್ರಿ ಡ್ಯೂಟಿ ಅಂತೆ, ನಾಳೆ ಗಂಡು ಹುಡುಕೋದು ಹ್ಯಾಗೆ?’ ಎಂದು ಸೋದರಮಾವ ಚಿಂತೆಗೆ ಬೀಳುತ್ತಾನೆ. ‘ಬಾಣಂತನ ಮಾಡೋದು, ವಯಸ್ಸಾದೋರನ್ನ ನೋಡ್ಕೊಳ್ಳೋದು ಯಾವ ಹೆಂಗಸಿಗೆ ಬರಲ್ಲ? ಅದಕ್ಕೂ ಓದ್ಬೇಕಾ?’ ಎಂಬುದು ಪಕ್ಕದ ಮನೆಯ ತೀರ್ಪು.

ಈ ಮಾತು ಕೇಳುವವರು ನರ್ಸ್‌ಗಳಷ್ಟೇ ಅಲ್ಲ. ಉಪಕೇಂದ್ರದ ಎಎನ್‌ಎಂ, ಅಂಗನವಾಡಿಯ ಟೀಚರ್ ಮತ್ತು ಸಹಾಯಕಿ, ಮನೆ ಮನೆ ತಿರುಗುವ ಆಶಾ ಕಾರ್ಯಕರ್ತೆ, ಬೆಂಗಳೂರಿನ ಯಾವುದೋ ಮನೆಯಲ್ಲಿ ಹಾಸಿಗೆ ಹಿಡಿದವರನ್ನು ನೋಡಿಕೊಳ್ಳುವ ಹೋಂ ನರ್ಸ್ ಎಲ್ಲರಿಗೂ ಇದರಲ್ಲಿ ಪಾಲಿದೆ. 2007ರಲ್ಲಿ ಬೆಂಗಳೂರು ಗ್ರಾಮಾಂತರದಿಂದ ಬೇರೆಯಾಗಿ ರಾಮನಗರ ಜಿಲ್ಲೆಯಾದ, 2025ರಲ್ಲಿ ಬೆಂಗಳೂರು ದಕ್ಷಿಣ ಎಂದು ಹೆಸರು ಬದಲಾಯಿಸಿಕೊಂಡ ಈ ಸೀಮೆ ರಾಜಧಾನಿಯ ಮಗ್ಗುಲಲ್ಲೇ ಇದೆ. ಆಸ್ಪತ್ರೆಗಳ ಕೆಲಸಕ್ಕೆ ಇಲ್ಲಿಂದ ಹೋಗುವವರಿಗೆ ದಾರಿ ಹತ್ತಿರ. ಆದರೆ ಊರಿನ ಮಾತನ್ನು ದಾಟುವ ದಾರಿ ಮಾತ್ರ ಇನ್ನೂ ದೂರ.

ಗಡಿಗೆ ಬಾಯಿ ಮುಚ್ಚಬಹುದು, ಜನರ ಬಾಯಿ ಮುಚ್ಚಲಾಗದು ಎನ್ನುತ್ತಾರೆ. ಮುಚ್ಚಿಸುವ ಅಗತ್ಯವೂ ಇಲ್ಲ. ಆ ಮಾತುಗಳು ಎಲ್ಲಿಂದ ಬಂದವು, ಅವುಗಳಲ್ಲಿ ಹುರುಳೆಷ್ಟು, ಹಿಂದಿನವರು ಅವುಗಳಿಗೆ ಹೇಗೆ ಉತ್ತರ ಕೊಟ್ಟರು ಎಂದು ನೋಡಿದರೆ, ಯಾವುದನ್ನು ಕಿವಿಗೆ ಹಾಕಿಕೊಳ್ಳಬೇಕು, ಯಾವುದನ್ನು ಬಿಡಬೇಕು ಎಂಬುದು ತಾನಾಗಿ ತಿಳಿಯುತ್ತದೆ.

ಮೈಲಿಗೆಯ ಮಾತು

ಮೊದಲನೆಯದು ಮೈಲಿಗೆ. ಇದರ ಬೇರು ಸೂಲಗಿತ್ತಿಯ ಕಾಲಕ್ಕೆ ಹೋಗುತ್ತದೆ. ನಡುರಾತ್ರಿ ನೋವು ಕಾಣಿಸಿಕೊಂಡರೆ ಲಾಟೀನು ಹಿಡಿದು ಓಡುತ್ತಿದ್ದುದು ಅವಳ ಮನೆಗೆ. ಮಗುವನ್ನು ಹೊರತೆಗೆದು, ಹೊಕ್ಕುಳ ಬಳ್ಳಿ ಕತ್ತರಿಸಿ, ಮಾಸು ಬಿದ್ದದ್ದನ್ನು ಖಾತರಿ ಮಾಡಿಕೊಂಡು, ತಾಯಿ ಮಗುವಿಗೆ ನೀರೆರೆಯುವ ತನಕ ಅವಳೇ ಆ ಮನೆಯ ಯಜಮಾನಿ. ಪ್ರತಿಫಲವಾಗಿ ಎಲೆ ಅಡಿಕೆ, ಒಂದಿಷ್ಟು ರಾಗಿಯೋ ಅಕ್ಕಿಯೋ, ಉಳ್ಳವರ ಮನೆಯಾದರೆ ಒಂದು ಸೀರೆ. ಹೆರಿಗೆಯ ರಕ್ತ ಮುಟ್ಟಿದವಳೆಂದು ಪುರುಡಿನ ಮೈಲಿಗೆಯೂ ಅವಳದೇ. ಅನೇಕ ಕಡೆ ಆಕೆ ಕೆಳಗೆಂದು ಎಣಿಸಲಾದ ಜಾತಿಯವಳಾಗಿರುತ್ತಿದ್ದಳು. ರಾತ್ರಿ ಒಳಕೋಣೆಗೆ ಕರೆಸಿಕೊಂಡವರೇ ಪುರುಡು ಕಳೆದ ಮೇಲೆ ಅವಳನ್ನು ಹೊಸ್ತಿಲಾಚೆ ನಿಲ್ಲಿಸುತ್ತಿದ್ದರು.

ಬ್ರಿಟಿಷರ ಕಾಲದಲ್ಲಿ ಇದಕ್ಕೆ ಇನ್ನೊಂದು ಟೀಕೆ ಸೇರಿತು. ಸೂಲಗಿತ್ತಿಯರು ಕೊಳಕರು, ಅವಿದ್ಯಾವಂತರು ಎಂದು ವೈದ್ಯರು ಬರೆದರು. 1885ರಲ್ಲಿ ಸ್ಥಾಪನೆಯಾದ ಲೇಡಿ ಡಫರಿನ್ ನಿಧಿ ಭಾರತದ ಹೆಂಗಸರಿಗೆ ಹೆಂಗಸರಿಂದಲೇ ವೈದ್ಯಕೀಯ ನೆರವು ಒದಗಿಸಲು ಹೊರಟಿತು; ದಾದಿಯರಿಗೆ, ಸೂಲಗಿತ್ತಿಯರಿಗೆ ತರಬೇತಿ ಕೊಡುವುದೂ ಅದರ ಕೆಲಸವಾಗಿತ್ತು. ವೈದ್ಯರ ಟೀಕೆಯಲ್ಲಿ ಸತ್ಯವೂ ಇತ್ತು. ಶುದ್ಧವಲ್ಲದ ಕುಡುಗೋಲಿನಿಂದಲೋ ಬ್ಲೇಡಿನಿಂದಲೋ ಹೊಕ್ಕುಳ ಬಳ್ಳಿ ಕತ್ತರಿಸಿದರೆ ಹಸುಗೂಸಿಗೆ ಧನುರ್ವಾಯು ತಗುಲುವ ಅಪಾಯವಿದ್ದದ್ದು ನಿಜ.

ಆದರೆ ಕೊಳೆ ಇದ್ದದ್ದು ಎಲ್ಲಿ? ಈ ಪ್ರಶ್ನೆಗೆ ಉತ್ತರ ಸಿಕ್ಕಿದ್ದು ಯೂರೋಪಿನ ವಿಯೆನ್ನಾ ನಗರದಲ್ಲಿ. ಅಲ್ಲಿನ ದೊಡ್ಡಾಸ್ಪತ್ರೆಯಲ್ಲಿ ಎರಡು ಹೆರಿಗೆ ವಿಭಾಗಗಳಿದ್ದವು. ಒಂದರಲ್ಲಿ ವೈದ್ಯರು ಮತ್ತು ವೈದ್ಯ ವಿದ್ಯಾರ್ಥಿಗಳು ಹೆರಿಗೆ ಮಾಡಿಸುತ್ತಿದ್ದರು, ಇನ್ನೊಂದರಲ್ಲಿ ಸೂಲಗಿತ್ತಿಯರು. 1840ರ ದಶಕದಲ್ಲಿ ವೈದ್ಯರ ವಿಭಾಗದಲ್ಲಿ ನೂರಕ್ಕೆ ಸುಮಾರು ಹತ್ತು ತಾಯಂದಿರು ಸಾಯುತ್ತಿದ್ದರೆ, ಸೂಲಗಿತ್ತಿಯರ ವಿಭಾಗದಲ್ಲಿ ಸಾಯುತ್ತಿದ್ದವರು ನೂರಕ್ಕೆ ಸುಮಾರು ನಾಲ್ವರು. ತಮ್ಮನ್ನು ಸೂಲಗಿತ್ತಿಯರ ಕಡೆಗೇ ಸೇರಿಸಿ ಎಂದು ಬಸುರಿಯರು ಬೇಡಿಕೊಳ್ಳುತ್ತಿದ್ದರಂತೆ. ವೈದ್ಯ ಇಗ್ನಾಜ್ ಸೆಮೆಲ್‌ವೈಸ್ ಕಾರಣ ಹುಡುಕಿದ. ವೈದ್ಯರು ಹೆಣ ಕೊಯ್ದ ಕೈಯಲ್ಲೇ ನೇರವಾಗಿ ಹೆರಿಗೆ ಕೋಣೆಗೆ ಬರುತ್ತಿದ್ದರು. 1847ರಲ್ಲಿ ಕ್ಲೋರಿನ್ ಸುಣ್ಣದ ನೀರಿನಲ್ಲಿ ಕೈ ತೊಳೆಯುವುದನ್ನು ಆತ ಕಡ್ಡಾಯ ಮಾಡಿದ ಮೇಲೆ ಸಾವು ಕುಸಿಯಿತು.

ಹೀಗೆ ರೋಗ ತರುವ ಕೊಳೆ ತೊಳೆಯದ ಕೈಯಲ್ಲಿತ್ತು. ಕೆಲಸದಲ್ಲಿ ಅಲ್ಲ, ಮಾಡುವವರ ಜಾತಿಯಲ್ಲಂತೂ ಅಲ್ಲ. ಪುರುಡಿನ ಮೈಲಿಗೆಯೇ ಬೇರೆ, ಆಸ್ಪತ್ರೆಯ ಶುಚಿತ್ವವೇ ಬೇರೆ. ಮೊದಲನೆಯದು ಮನುಷ್ಯರನ್ನು ದೂರ ಇಡುತ್ತದೆ, ಎರಡನೆಯದು ಸೋಂಕನ್ನು ದೂರ ಇಡುತ್ತದೆ.

ಮಾಗಡಿಗೆ ನೆರೆಯ ತುಮಕೂರು ಜಿಲ್ಲೆಯ ಪಾವಗಡ ತಾಲ್ಲೂಕಿನ ಕೃಷ್ಣಾಪುರದಲ್ಲಿ ಬಾಳಿದ ಸೂಲಗಿತ್ತಿ ನರಸಮ್ಮ ಅಜ್ಜಿಯಿಂದ ಈ ವಿದ್ಯೆ ಕಲಿತವರು. ಹದಿನೈದು ಸಾವಿರಕ್ಕೂ ಹೆಚ್ಚು ಹೆರಿಗೆ ಮಾಡಿಸಿದ ಕೀರ್ತಿ ಅವರದು. 2014ರಲ್ಲಿ ತುಮಕೂರು ವಿಶ್ವವಿದ್ಯಾಲಯ ಗೌರವ ಡಾಕ್ಟರೇಟ್ ಕೊಟ್ಟಿತು, 2018ರಲ್ಲಿ ಪದ್ಮಶ್ರೀ ಬಂತು, ಅದೇ ವರ್ಷ ಡಿಸೆಂಬರ್ 25ರಂದು ಅವರು ತೀರಿಕೊಂಡರು. ಅಷ್ಟು ಹೊತ್ತಿಗೆ ಆ ವೃತ್ತಿಯೇ ಆಸ್ಪತ್ರೆಗೆ ಸ್ಥಳಾಂತರವಾಗಿತ್ತು. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ 1998-99ರಲ್ಲಿ ಕರ್ನಾಟಕದ ಹೆರಿಗೆಗಳಲ್ಲಿ ಅರ್ಧದಷ್ಟು ಮಾತ್ರ ಆಸ್ಪತ್ರೆಗಳಲ್ಲಿ ಆಗುತ್ತಿದ್ದವು. 2019-20ರ ಹೊತ್ತಿಗೆ ಅದು ಶೇ 97ಕ್ಕೆ ಏರಿತು. ಲಾಟೀನು ಹೋಗಿ ಆಂಬುಲೆನ್ಸ್ ಬಂತು. ಆದರೆ ಸೂಲಗಿತ್ತಿಯ ಬೆನ್ನಿಗಿದ್ದ ಮೈಲಿಗೆಯ ಮಾತು ನರ್ಸಮ್ಮನ ಬೆನ್ನು ಹತ್ತಿತು.

ರಾತ್ರಿ ಡ್ಯೂಟಿಯ ಮಾತು

ಎರಡನೆಯದು ನಡತೆಯ ಮೇಲಿನ ಮಾತು. ಇದೂ ನಮ್ಮ ಹಳ್ಳಿಗಳಲ್ಲೇ ಹುಟ್ಟಿದ್ದಲ್ಲ. ಇಂಗ್ಲೆಂಡಿನ ಶ್ರೀಮಂತ ಮನೆತನದ ಫ್ಲಾರೆನ್ಸ್ ನೈಟಿಂಗೇಲ್ 1840ರ ದಶಕದಲ್ಲಿ ದಾದಿಯಾಗುತ್ತೇನೆ ಎಂದಾಗ ಮನೆಯವರು ಹೌಹಾರಿದರು. ಅಲ್ಲಿ ಆಗ ಆಸ್ಪತ್ರೆಯ ದಾದಿಯರೆಂದರೆ ಕುಡುಕರು, ನಡತೆಗೆಟ್ಟವರು ಎಂಬ ಹೆಸರಿತ್ತು. ಆಕೆ ವರ್ಷಗಳ ಕಾಲ ಕಾದು, 1854ರಲ್ಲಿ 38 ಹೆಂಗಸರ ತಂಡದೊಂದಿಗೆ ಕ್ರಿಮಿಯಾ ಯುದ್ಧದ ಗಾಯಾಳುಗಳಿಗಾಗಿ ಹೊರಟಳು. ದೀಪ ಹಿಡಿದ ದೇವಿ ಎಂದು ನಮ್ಮ ಶಾಲಾ ಪುಸ್ತಕಗಳು ಅವಳನ್ನು ನೆನೆಯುತ್ತವೆ. ಆದರೆ ಟೀಕಾಕಾರರ ಬಾಯಿ ಕಟ್ಟಿದ್ದು ಅಂಕಿಅಂಶ. ಗಾಯಕ್ಕಿಂತ ಆಸ್ಪತ್ರೆಯ ಕೊಳಕಿನಿಂದ ಹರಡಿದ ರೋಗಗಳಿಗೇ ಸೈನಿಕರು ಹೆಚ್ಚು ಬಲಿಯಾದರೆಂದು 1858ರಲ್ಲಿ ಆಕೆ ನಕ್ಷೆ ಬರೆದು ತೋರಿಸಿದಳು. 1860ರಲ್ಲಿ ಲಂಡನ್ನಿನ ಸೇಂಟ್ ಥಾಮಸ್ ಆಸ್ಪತ್ರೆಯಲ್ಲಿ ದಾದಿಯರ ಶಾಲೆ ತೆರೆದಳು. ನಡತೆಯ ಮಾತಿಗೆ ತರಬೇತಿ, ಸಮವಸ್ತ್ರ, ದಾಖಲೆ ಇವೇ ಅವಳ ಉತ್ತರವಾಗಿದ್ದವು.

ನಮ್ಮಲ್ಲಿ ಪರಪುರುಷರ ಮೈ ಮುಟ್ಟುವುದು, ಎಲ್ಲ ಜಾತಿಯವರ ಎಂಜಲು ಬಳಿಯುವುದು, ರಾತ್ರಿ ಹೊರಗಿರುವುದು ಈ ಮೂರೂ ಒಂದೇ ಕೆಲಸದಲ್ಲಿ ಸೇರಿದ್ದರಿಂದ ಬಹಳ ಕುಟುಂಬಗಳು ಹೆಣ್ಣುಮಕ್ಕಳನ್ನು ನರ್ಸಿಂಗ್‌ಗೆ ಕಳುಹಿಸಲಿಲ್ಲ. ಆ ಜಾಗ ತುಂಬಿದವರಲ್ಲಿ ಮಿಷನ್ ಆಸ್ಪತ್ರೆಗಳಲ್ಲಿ ಕಲಿತ ಕ್ರೈಸ್ತ ಹೆಣ್ಣುಮಕ್ಕಳೇ, ಅದರಲ್ಲೂ ಕೇರಳದವರೇ ಹೆಚ್ಚು. 1946ರಲ್ಲಿ ವರದಿ ಕೊಟ್ಟ ಭೋರ್ ಸಮಿತಿ, ದೇಶದಲ್ಲಿ 43 ಸಾವಿರ ಜನರಿಗೆ ಒಬ್ಬ ನರ್ಸ್ ಮಾತ್ರ ಇದ್ದಾರೆ ಎಂದು ಲೆಕ್ಕ ಹಾಕಿತು. ಊರಿನ ಮಾತಿಗೆ ಹೆದರಿ ಮಗಳನ್ನು ಮನೆಯಲ್ಲಿ ಕೂರಿಸಿದ್ದರ ಬೆಲೆಯನ್ನು ರೋಗಿಗಳೂ ತೆತ್ತರು. 1947ರಲ್ಲಿ ಭಾರತೀಯ ನರ್ಸಿಂಗ್ ಪರಿಷತ್ತಿನ ಕಾಯ್ದೆ ಬಂದು, ದೇಶಕ್ಕೆಲ್ಲ ಒಂದೇ ಮಟ್ಟದ ಶಿಕ್ಷಣಕ್ಕೆ ಬುನಾದಿ ಬಿತ್ತು.

ರಾತ್ರಿ ಎಚ್ಚರವಿರುವ ಹೆಂಗಸು ನಮ್ಮ ಸೀಮೆಗೆ ಹೊಸಬಳೇ? ರಾಮನಗರ, ಕನಕಪುರದ ಕಡೆ ರೇಷ್ಮೆ ಹುಳು ಸಾಕುವ ಮನೆಗಳನ್ನು ನೋಡಿ. ಹುಳು ಪೊರೆ ಬಿಡುವುದನ್ನು ಇಲ್ಲಿ ‘ಜ್ವರ’ ಎನ್ನುತ್ತಾರೆ. ನಾಲ್ಕನೇ ಜ್ವರ ಎದ್ದ ಮೇಲೆ ಹುಳುವಿಗೆ ಎಷ್ಟು ಸೊಪ್ಪು ಹಾಕಿದರೂ ಸಾಲದು. ಸರಿರಾತ್ರಿಯಲ್ಲಿ ಎದ್ದು ಹಿಪ್ಪುನೇರಳೆ ಸೊಪ್ಪು ಹಾಕುವವಳು, ತಟ್ಟೆ ಶುಚಿ ಮಾಡುವವಳು, ಹಣ್ಣಾದ ಹುಳು ಆಯ್ದು ಚಂದ್ರಿಕೆಗೆ ಬಿಡುವವಳು ಮನೆಯಾಕೆಯೇ. ಗೂಡನ್ನು ಮಾರುಕಟ್ಟೆಗೆ ಒಯ್ದು ಹರಾಜಿಗಿಟ್ಟು ಹಣ ಎಣಿಸಿಕೊಳ್ಳುವವನು ಬಹುಮಟ್ಟಿಗೆ ಮನೆಯ ಯಜಮಾನ. ಆ ರಾತ್ರಿ ಪಾಳಿಯ ಬಗ್ಗೆ ಯಾರೂ ಚಕಾರ ಎತ್ತುವುದಿಲ್ಲ. ಅಂದರೆ ಊರಿಗೆ ತೊಡಕಾಗಿರುವುದು ರಾತ್ರಿಯಲ್ಲ. ಆ ರಾತ್ರಿಯ ದುಡಿಮೆ ಯಾರ ಸೂರಿನಡಿ ನಡೆಯಿತು, ಕೂಲಿ ಯಾರ ಕೈ ಸೇರಿತು ಎಂಬುದು.

ಹಾಗೆಂದು ಹೆತ್ತವರ ಭಯವನ್ನು ಪೂರ್ತಿ ತಳ್ಳಿಹಾಕುವಂತಿಲ್ಲ. ಉತ್ತರ ಕನ್ನಡದ ಹಳದೀಪುರದ ಅರುಣಾ ಶಾನಭಾಗ ಮುಂಬೈನ ಕೆಇಎಂ ಆಸ್ಪತ್ರೆಯಲ್ಲಿ ನರ್ಸ್ ಆಗಿದ್ದರು. 1973ರ ನವೆಂಬರ್‌ನಲ್ಲಿ ಅದೇ ಆಸ್ಪತ್ರೆಯ ನೌಕರನೊಬ್ಬ ಅವರ ಮೇಲೆ ಎರಗಿದ. ಪ್ರಜ್ಞೆ ಮರಳದ ಸ್ಥಿತಿಯಲ್ಲೇ ಅವರು 42 ವರ್ಷ ಉಳಿದರು. 2015ರ ಮೇ 18ರಂದು ತೀರಿಕೊಂಡರು. 2024ರ ಆಗಸ್ಟ್‌ನಲ್ಲಿ ಕೋಲ್ಕತ್ತದ ಆಸ್ಪತ್ರೆಯಲ್ಲಿ ರಾತ್ರಿ ಪಾಳಿಯಲ್ಲಿದ್ದ ತರಬೇತಿ ವೈದ್ಯೆಯ ಕೊಲೆ ನಡೆದಾಗ ಇಡೀ ದೇಶ ಬೀದಿಗಿಳಿಯಿತು. ಭಯ ಸುಳ್ಳಲ್ಲ. ಆದರೆ ಆ ಭಯದ ಪ್ರಶ್ನೆಯನ್ನು ಕೇಳಬೇಕಾದದ್ದು ಮಗಳನ್ನಲ್ಲ, ಆಸ್ಪತ್ರೆಯನ್ನು. ವಿಶ್ರಾಂತಿ ಕೋಣೆಗೆ ಒಳಗಿನಿಂದ ಚಿಲಕವಿದೆಯೇ, ಕಾರಿಡಾರಿನಲ್ಲಿ ದೀಪವಿದೆಯೇ, ಪಾಳಿ ಮುಗಿದ ಮೇಲೆ ವಾಹನವಿದೆಯೇ ಎಂಬುದು ಆಸ್ಪತ್ರೆಯ ಹೊಣೆ.

‘ಇದೇನು ಮಹಾ ಕೆಲಸ?’

ಅರುಣಾ ಅವರ ಕಥೆಯಲ್ಲಿ ಹೆಚ್ಚು ಜನ ಗಮನಿಸದ ಒಂದು ಸಂಗತಿಯಿದೆ. ಅಷ್ಟೂ ವರ್ಷ ಅವರನ್ನು ನೋಡಿಕೊಂಡವರು ಆ ಆಸ್ಪತ್ರೆಯ ನರ್ಸ್‌ಗಳು. ಒಬ್ಬರು ನಿವೃತ್ತರಾದರೆ ಇನ್ನೊಬ್ಬರು. ದಶಕಗಳ ಕಾಲ ಹಾಸಿಗೆಯಲ್ಲಿದ್ದರೂ ಅವರಿಗೆ ಹಾಸಿಗೆ ಹುಣ್ಣು ಆಗದಂತೆ ನೋಡಿಕೊಂಡದ್ದನ್ನು ಸುಪ್ರೀಂ ಕೋರ್ಟ್ 2011ರ ತೀರ್ಪಿನಲ್ಲಿ ಮೆಚ್ಚಿ ಪ್ರಸ್ತಾಪಿಸಿತು. ಮನೆಯಲ್ಲಿ ಹಾಸಿಗೆ ಹಿಡಿದವರನ್ನು ಕಂಡವರಿಗೆ ಇದರ ಬೆಲೆ ಗೊತ್ತು. ಮೂಳೆ ಒತ್ತುವ ಕಡೆ ರಕ್ತ ಓಡಾಡದೆ ಚರ್ಮ ಮೊದಲು ಕೆಂಪಾಗುತ್ತದೆ, ಆಮೇಲೆ ಒಡೆಯುತ್ತದೆ. ತಡೆಯಬೇಕಾದರೆ ಸುಮಾರು ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಬೇಕು, ಒದ್ದೆ ಆರಿಸಬೇಕು, ಹೊಟ್ಟೆಗೆ ಸರಿಯಾಗಿ ಕೊಡಬೇಕು, ಕೆಂಪು ಕಲೆಯನ್ನು ಮೊದಲ ದಿನವೇ ಗುರುತಿಸಬೇಕು. ‘ಯಾವ ಹೆಂಗಸಿಗೆ ಬರಲ್ಲ’ ಎನ್ನುವ ಕೆಲಸ ಇದು.

ಆಶಾ ಕಾರ್ಯಕರ್ತೆಯನ್ನೇ ನೋಡಿ. ಆಸ್ಪತ್ರೆಯಲ್ಲಿ ಹೆರಿಗೆಯಾಗಿ ಮನೆಗೆ ಬಂದ ಕೂಸನ್ನು ಆಕೆ 3, 7, 14, 21, 28 ಮತ್ತು 42ನೇ ದಿನ ಹೋಗಿ ನೋಡಬೇಕು. ತೂಕ ಎರಡೂವರೆ ಕಿಲೋಗಿಂತ ಕಡಿಮೆಯಿದೆಯೇ, ಮೈ ತಣ್ಣಗಾಗಿದೆಯೇ, ಹಾಲು ಚೀಪುತ್ತಿದೆಯೇ, ಹೊಕ್ಕುಳಲ್ಲಿ ಕೀವಿದೆಯೇ ಎಂದು ಪರೀಕ್ಷಿಸಬೇಕು. ಪೂರ್ತಿ ಒಂದು ನಿಮಿಷ ಉಸಿರು ಎಣಿಸಿ, 60 ಅಥವಾ ಅದಕ್ಕಿಂತ ಹೆಚ್ಚಿದ್ದರೆ ಅಪಾಯವೆಂದು ಆಸ್ಪತ್ರೆಗೆ ಕಳುಹಿಸಬೇಕು. ಬಾಗಿಲಲ್ಲಿ ನಿಂತು ‘ಮತ್ತೆ ಬಂದ್ಲು’ ಎನ್ನುವವರಿಗೆ ಈ ಎಣಿಕೆ ಕಾಣುವುದಿಲ್ಲ.

ಕಾಣದಿರಲು ಕಾರಣವಿದೆ. ಇದೇ ಬಗೆಯ ದುಡಿಮೆ ಪ್ರತಿ ಮನೆಯಲ್ಲೂ ಪುಕ್ಕಟೆ ನಡೆಯುತ್ತದೆ. 2019ರ ರಾಷ್ಟ್ರೀಯ ಸಮಯ ಬಳಕೆ ಸಮೀಕ್ಷೆಯ ಪ್ರಕಾರ, ಸಂಬಳವಿಲ್ಲದ ಮನೆಗೆಲಸದಲ್ಲಿ ತೊಡಗಿದ ಹೆಂಗಸರು ಅದಕ್ಕೆ ದಿನಕ್ಕೆ 299 ನಿಮಿಷ ಕೊಟ್ಟರೆ ಗಂಡಸರು ಕೊಡುವುದು 97 ನಿಮಿಷ. ಮನೆಮಂದಿಯ ಆರೈಕೆಗೆ ಹೆಂಗಸರು 134 ನಿಮಿಷ, ಗಂಡಸರು 76 ನಿಮಿಷ. ಮನೆಯಲ್ಲಿ ಬೆಲೆ ಕಟ್ಟದ ಕೆಲಸಕ್ಕೆ ಹೊರಗೆ ಬೆಲೆ ಕಟ್ಟಲು ಮನಸ್ಸು ಒಪ್ಪುವುದಿಲ್ಲ.

ಮಾಗಡಿ ತಾಲ್ಲೂಕಿನ ಹುಲಿಕಲ್‌ನ ಸಾಲುಮರದ ತಿಮ್ಮಕ್ಕನ ಬದುಕನ್ನೂ ಈ ಕಣ್ಣಿನಿಂದ ನೋಡಬಹುದು. ಮಕ್ಕಳಿಲ್ಲವೆಂಬ ಚುಚ್ಚುಮಾತು ಕೇಳಿದ ಆಕೆ ಮತ್ತು ಪತಿ ಚಿಕ್ಕಯ್ಯ ಹುಲಿಕಲ್‌ನಿಂದ ಕುದೂರಿನ ದಾರಿಯಲ್ಲಿ ಆಲದ ಸಸಿ ಸಾಲಾಗಿ ಬೆಳೆಸಿದರು. 1995ರಲ್ಲಿ ರಾಷ್ಟ್ರೀಯ ನಾಗರಿಕ ಪ್ರಶಸ್ತಿ, 2019ರಲ್ಲಿ ಪದ್ಮಶ್ರೀ ಬಂತು; 2025ರ ನವೆಂಬರ್ 14ರಂದು ತಿಮ್ಮಕ್ಕ ಕಣ್ಮುಚ್ಚಿದರು. ‘ಮರ ನೆಟ್ಟವರು’ ಎಂದು ನಾವು ಹೇಳುತ್ತೇವೆ. ನೆಡುವುದು ಒಂದು ಹೊತ್ತಿನ ಕೆಲಸ. ಕೂಲಿ ಮಾಡಿಕೊಂಡೇ ಮೈಲುಗಟ್ಟಲೆ ಬಿಂದಿಗೆ ಹೊತ್ತು ನೀರು ಹುಯ್ದದ್ದು, ದನ ಬಾಯಿ ಹಾಕದಂತೆ ಮುಳ್ಳು ಕಟ್ಟಿದ್ದು ವರ್ಷಗಳ ಕೆಲಸ. ಆರೈಕೆಯೆಂದರೆ ಆ ಎರಡನೆಯ ಭಾಗ. ನೆನಪಿನಿಂದ ಮೊದಲು ಜಾರುವುದೂ ಅದೇ.

ಹೊಗಳಿಕೆಯೊಳಗಿನ ಟೀಕೆ

ನಾಲ್ಕನೆಯ ಮಾತು ಟೀಕೆಯಂತೆ ಕೇಳುವುದೇ ಇಲ್ಲ. ‘ನೀವು ದೇವರಂಥೋರು, ಇದು ಪುಣ್ಯದ ಕೆಲಸ’ ಎಂಬುದು ಮೊದಲ ಅರ್ಧ. ‘ಸೇವೆ ಮಾಡೋರು ದುಡ್ಡಿನ ಮಾತಾಡಬಾರದು’ ಎಂಬುದು ಉಳಿದರ್ಧ. ಇದಕ್ಕೆ ಸರ್ಕಾರದ ಭಾಷೆಯಲ್ಲಿ ಒಂದು ಸೊಗಸಾದ ಪದವಿದೆ: ಗೌರವಧನ. ಗೌರವವೂ ಇದೆ, ಧನವೂ ಇದೆ, ಸಂಬಳ ಎಂಬ ಶಬ್ದ ಮಾತ್ರ ಇಲ್ಲ.

ಅಂಗನವಾಡಿ ಯೋಜನೆ 1975ರ ಅಕ್ಟೋಬರ್ 2ರಂದು ದೇಶದ 33 ಕಡೆ ಶುರುವಾಯಿತು. ಕರ್ನಾಟಕದಲ್ಲಿ ಅದರ ಮೊದಲ ನೆಲೆ ಮೈಸೂರು ಜಿಲ್ಲೆಯ ತಿರುಮಕೂಡಲು ನರಸೀಪುರ. ಮೂರು ದಶಕದ ನಂತರ, ಕರ್ನಾಟಕದಿಂದಲೇ ಹೋದ ಮೊಕದ್ದಮೆಯೊಂದರಲ್ಲಿ ಸುಪ್ರೀಂ ಕೋರ್ಟ್ 2006ರ ಡಿಸೆಂಬರ್‌ನಲ್ಲಿ, ಅಂಗನವಾಡಿ ಕಾರ್ಯಕರ್ತೆಯರದು ಸರ್ಕಾರಿ ಹುದ್ದೆಯಲ್ಲ ಎಂದು ಹೇಳಿತು. ಕಾರ್ಯಕರ್ತೆಯರು ಸುಮ್ಮನಾಗಲಿಲ್ಲ. ಗುಜರಾತಿನಿಂದ ಹೋದ ಇನ್ನೊಂದು ಮೊಕದ್ದಮೆಯಲ್ಲಿ 2022ರ ಏಪ್ರಿಲ್ 25ರಂದು ಅದೇ ನ್ಯಾಯಾಲಯ, ಅವರಿಗೂ 1972ರ ಕಾಯ್ದೆಯಂತೆ ಗ್ರಾಚ್ಯುಟಿ ಸಲ್ಲಬೇಕು, ಗೌರವಧನ ಎಂದು ಕರೆದ ಮಾತ್ರಕ್ಕೆ ಅದು ವೇತನವಲ್ಲದೆ ಹೋಗುವುದಿಲ್ಲ ಎಂಬ ನಿಲುವಿಗೆ ಬಂತು.

ಆಶಾ ಯೋಜನೆ ಬಂದದ್ದು 2005ರ ರಾಷ್ಟ್ರೀಯ ಗ್ರಾಮೀಣ ಆರೋಗ್ಯ ಅಭಿಯಾನದೊಂದಿಗೆ. ಕೊರೊನಾ ಕಾಲದಲ್ಲಿ ಅವರ ಮೇಲೆ ಹೂವು ಚೆಲ್ಲಿದವರಿದ್ದರು. 2020ರ ಏಪ್ರಿಲ್‌ನಲ್ಲಿ ಬೆಂಗಳೂರಿನಲ್ಲಿ ಸಮೀಕ್ಷೆಗೆ ಹೋದ ಕಾರ್ಯಕರ್ತೆಯ ಮೇಲೆ ಕೈ ಮಾಡಿದವರೂ ಇದ್ದರು. 2022ರ ಮೇ ತಿಂಗಳಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಭಾರತದ ಹತ್ತು ಲಕ್ಷಕ್ಕೂ ಹೆಚ್ಚು ಆಶಾಗಳಿಗೆ ಜಾಗತಿಕ ಪ್ರಶಸ್ತಿ ಕೊಟ್ಟಿತು. 2025ರ ಜನವರಿಯ ಚಳಿಯಲ್ಲಿ ಕರ್ನಾಟಕದ ಆಶಾಗಳು ಬೆಂಗಳೂರಿನ ಫ್ರೀಡಂ ಪಾರ್ಕಿನಲ್ಲಿ ಹಗಲು ರಾತ್ರಿ ಕುಳಿತಿದ್ದರು. ಕೇಳಿದ್ದು ಪ್ರಶಸ್ತಿಯನ್ನಲ್ಲ, ತಿಂಗಳಿಗೆ ಖಾತರಿಯಾದ ಹಣವನ್ನು. ಕನಿಷ್ಠ 10 ಸಾವಿರ ರೂಪಾಯಿಯ ಭರವಸೆ ಸರ್ಕಾರದಿಂದ ಬಂದ ಮೇಲೆ ಧರಣಿ ಕೈಬಿಟ್ಟರು. ‘ಸೇವೆಗೆ ಸಂಬಳವೇಕೆ’ ಎಂಬ ಮಾತಿಗೆ ಒಬ್ಬೊಬ್ಬರೇ ಉತ್ತರ ಕೊಡಲಾಗದು. ಅದಕ್ಕೆ ಸಂಘವೇ ಬೇಕು ಎಂಬುದನ್ನು ಆ ಚಳಿಯ ರಾತ್ರಿಗಳು ತೋರಿಸಿದವು.

ಕೇಳಿಸಿಕೊಳ್ಳಬೇಕಾದ ಟೀಕೆ

ಇಷ್ಟೆಲ್ಲ ಹೇಳಿದ ಮೇಲೆ ಒಂದು ಮಾತು ಬಾಕಿಯಿದೆ. ಆರೈಕೆಯವರ ಮೇಲಿನ ಎಲ್ಲ ಟೀಕೆಯೂ ಅನ್ಯಾಯದ್ದಲ್ಲ. ಹೆರಿಗೆ ನೋವಿನಲ್ಲಿ ಕೂಗಿದವಳನ್ನು ಗದರಿಸುವುದು, ಮಗುವಿನ ಮುಖ ತೋರಿಸಲು ಕೈ ಚಾಚುವುದು, ಅಂಗನವಾಡಿಯ ಬಾಗಿಲು ಹೊತ್ತಿಗೆ ಮುಂಚೆ ಮುಚ್ಚುವುದು, ಮಾತು ಬಾರದ ವೃದ್ಧರನ್ನು ಒದ್ದೆ ಬಟ್ಟೆಯಲ್ಲೇ ಬಿಡುವುದು ಇವು ನಡೆಯುತ್ತವೆ. ಹೆರಿಗೆ ಕೋಣೆಯಲ್ಲಿ ತಾಯಿಗೆ ಗೌರವದ ಆರೈಕೆ ಸಿಗಬೇಕೆಂದು ಕೇಂದ್ರ ಸರ್ಕಾರ 2017ರಲ್ಲಿ ‘ಲಕ್ಷ್ಯ’ ಎಂಬ ಕಾರ್ಯಕ್ರಮವನ್ನೇ ತಂದಿತು ಎಂದರೆ ದೂರಿನಲ್ಲಿ ಹುರುಳಿದೆ ಎಂದೇ ಅರ್ಥ.

ಎರಡನ್ನೂ ಬೇರೆ ಮಾಡುವುದು ಕಷ್ಟವಲ್ಲ. ‘ನನ್ನ ತಾಯಿಗೆ ಮಧ್ಯಾಹ್ನದ ಮಾತ್ರೆ ಕೊಟ್ಟಿಲ್ಲ’ ಎಂಬುದು ಕೆಲಸದ ಮೇಲಿನ ಟೀಕೆ. ಅದಕ್ಕೆ ದಿನಾಂಕವಿದೆ, ಹೊತ್ತಿದೆ, ತಿದ್ದಲು ದಾರಿಯಿದೆ. ಅದನ್ನು ತಾಳ್ಮೆಯಿಂದ ಕೇಳಿ, ದಾಖಲೆ ತೆಗೆದು ನೋಡಿ, ತಪ್ಪಿದ್ದರೆ ಒಪ್ಪಿಕೊಳ್ಳುವುದೇ ಸರಿ. ‘ಇಂಥ ಕೆಲಸಕ್ಕೆ ಬರೋರು ಎಂಥೋರು ಅಂತ ಗೊತ್ತಿಲ್ವಾ’ ಎಂಬುದು ಮನುಷ್ಯಳ ಮೇಲಿನ ಟೀಕೆ. ಅದರಲ್ಲಿ ತಿದ್ದಿಕೊಳ್ಳಲು ಏನೂ ಇಲ್ಲ; ವಾದಕ್ಕೆ ನಿಂತರೆ ವ್ಯರ್ಥ ಕಾಲಹರಣ. ಮೊದಲನೆಯದನ್ನು ಎರಡನೆಯದೆಂದು ತಿಳಿದು ಸಿಡಿದೇಳುವ ನರ್ಸ್‌ನಿಂದ ರೋಗಿಗೆ ನಷ್ಟ. ಎರಡನೆಯದನ್ನು ಮೊದಲನೆಯದೆಂದು ತಿಳಿದು ಕುಗ್ಗುವವಳಿಂದ ವೃತ್ತಿಗೇ ನಷ್ಟ.

ಉಳಿದ ಹೊಣೆ ಊರಿನದು. ನಾಲ್ಕು ತಾಲ್ಲೂಕುಗಳ ಹಳ್ಳಿಗಳಲ್ಲೂ ಈಗ ಮಕ್ಕಳು ಬೆಂಗಳೂರಿನಲ್ಲಿ, ವಯಸ್ಸಾದವರು ಊರಿನಲ್ಲಿ. ನಾಳೆ ನಮ್ಮ ಅಪ್ಪ ಅಮ್ಮನ ಮಗ್ಗುಲು ಬದಲಿಸಲು ಬರುವವಳು ಇವತ್ತು ಯಾರದೋ ಮನೆಯ ಜಗಲಿಯ ಮೇಲೆ ಇದೇ ಮಾತು ಕೇಳುತ್ತಾ ನಿಂತಿರುವ ಹುಡುಗಿ. ಮಗ ಇಂಜಿನಿಯರಿಂಗ್ ಸೇರಿದ ಎಂದಾಗ ನಾವು ಕೇಳುವುದೇನು? ಯಾವ ಕಾಲೇಜು, ಫೀಸೆಷ್ಟು, ಮುಂದೆ ಸಂಬಳ ಹೇಗೆ, ಹಾಸ್ಟೆಲ್ ಚೆನ್ನಾಗಿದೆಯಾ. ಮಗಳು ನರ್ಸಿಂಗ್ ಸೇರಿದಳು ಎಂದಾಗಲೂ ಆ ನಾಲ್ಕು ಪ್ರಶ್ನೆಗಳನ್ನೇ ಕೇಳಿದರೆ ಸಾಕು. ಐದನೆಯದು ಬೇಡ.